ಹಳದಿ ತಂತಿ

ಘೋಡಗೇರಿ
4 ಡಿಸೆಂಬರ್ 2023

ಲಖನ,

ಕಾಗದದ ಮೊದಲ ಸಾಲಿಗೆ ಕ್ಷೇಮ ಸಮಾಚಾರ ಬರೆಯಬೇಕೆಂದು ನಮಗೂ ಶಾಲೆಯಲ್ಲಿ ಕಲಿಸಿದ್ದರು. ನಾನು ಬರೆಯುವುದಿಲ್ಲ. ನೀನು ಕ್ಷೇಮವಾಗಿದ್ದೀಯೋ ಇಲ್ಲವೋ ನನಗೆ ಬೇಕಾಗಿಲ್ಲ. ನಾವು ಹೇಗಿದ್ದೇವೆ ಎಂದು ಕೇಳುವ ಹಕ್ಕು ನಿನಗಿಲ್ಲ. ನನ್ನ ಮಗ ಶುಭಮ್ ಕೂತಿದ್ದ ಗಾಡಿಯನ್ನು ಓಡಿಸಿಕೊಂಡು ಹೋಗಿ ಕಬ್ಬಿನ ಟ್ರೇಲರಿಗೆ ಗುದ್ದಿದವನು ನೀನು. ಅವನು ಹೋದ, ನೀನು ಉಳಿದೆ. ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡೆಯಂತೆ, ಹೋದ ತಿಂಗಳು ಒಂದು ವರ್ಷ ಶಿಕ್ಷೆ ಆಯಿತಂತೆ. ಒಪ್ಪಿಕೊಂಡದ್ದು ದೊಡ್ಡ ಗುಣ ಎಂದು ಊರಲ್ಲಿ ಒಬ್ಬಿಬ್ಬರು ಹೇಳಿದರು. ಅವರ ಜೊತೆ ನಾನು ಮಾತು ಬಿಟ್ಟಿದ್ದೇನೆ.

ಈ ಕಾಗದ ಒಂದೇ ಒಂದು ವಿಷಯ ಕೇಳುವುದಕ್ಕೆ. ಶುಭಮ್ ತನ್ನ ಕರೆಂಟಿನ ಗಿಟಾರಿಗೆ ಯಾವ ತಂತಿ ಹಾಕುತ್ತಿದ್ದ?

ಯಾಕೆ ಕೇಳುತ್ತಿದ್ದೇನೆ ಎಂದು ಹೇಳದಿದ್ದರೆ ನೀನು ಏನೇನೋ ಅಂದುಕೊಳ್ಳುತ್ತೀ, ಅದಕ್ಕೆ ಹೇಳುತ್ತೇನೆ. ಅವನು ಹೋದ ನಾಲ್ಕನೇ ದಿನ ನಿಮ್ಮ ಆರ್ಕೆಸ್ಟ್ರಾದ ಅಲ್ಲಪ್ಪ ಬಂದು ಗಿಟಾರನ್ನೂ ದನಿ ಬರುವ ಡಬ್ಬಿಯನ್ನೂ ಪಡಸಾಲೆಯಲ್ಲಿ ಇಟ್ಟು ಹೋದ. ಗಿಟಾರಿನಲ್ಲಿ ಒಂದೂ ತಂತಿ ಇರಲಿಲ್ಲ. ಯಾಕಿಲ್ಲ ಎಂದು ಕೇಳುವ ಎಚ್ಚರ ಆಗ ನಮಗೂ ಇರಲಿಲ್ಲ. ಒಂಬತ್ತು ತಿಂಗಳು ಅದು ಹಾಗೇ ಗೂಟಕ್ಕೆ ತೂಗಿಕೊಂಡಿತ್ತು.

ನಮ್ಮ ಮನೆಯವರನ್ನು ನೀನು ನೋಡಿದ್ದೀ. ಹಗಲೆಲ್ಲ ಕುರಿ, ಸೋಮವಾರ ಭಜನೆ. ಭೀಮಶಿಯ ತಂಬೂರಿ ಎಂದು ಇವರನ್ನು ಕೇಳಲಿಕ್ಕೆ ಕೌಜಲಗಿಯಿಂದ ಸಹ ಜನ ಬರುತ್ತಿದ್ದರು. ಮಗ ಹೋದ ಮೇಲೆ ಇವರು ಒಂದು ಪದ ಹಾಡಿಲ್ಲ. ಹಾಡುವುದಿರಲಿ, ಪಲ್ಯಕ್ಕೆ ಉಪ್ಪು ಬೀಳದಿದ್ದರೂ ಹೇಳುವುದಿಲ್ಲ. ಬೇಕೆಂದೇ ಎರಡು ದಿನ ಉಪ್ಪು ಹಾಕದೆ ನೋಡಿದೆ. ಉಂಡು ಎದ್ದು ಹೋದರು.

ದೀಪಾವಳಿಯ ಮರುದಿನ ತಾವಾಗಿಯೇ ಗಿಟಾರು ಇಳಿಸಿದರು. ಮಿರಜದಿಂದ ತಂದಿಟ್ಟುಕೊಂಡಿದ್ದ ತಂಬೂರಿಯ ಹಿತ್ತಾಳೆ ತಂತಿಯ ಸುರುಳಿ ಬಿಚ್ಚಿ ಆರು ತುಂಡು ಕತ್ತರಿಸಿ ಬಿಗಿದರು. ಉಕ್ಕಿನ ತಂತಿಯೂ ಪೆಟ್ಟಿಗೆಯಲ್ಲಿತ್ತು, ಮುಟ್ಟಲಿಲ್ಲ. ಯಾಕೆಂದು ಕೇಳಿದೆ. "ಎಡಿ ಇಡೂ ಜಾಗಾದಾಗ ಕಬ್ಬಿಣ ತರಬಾರದು. ನನ್ನ ಮಗನ ಮುಂದ ನಾ ಹಿತ್ತಾಳಿನ ಇಡತೇನಿ" ಎಂದರು. ಒಂಬತ್ತು ತಿಂಗಳಲ್ಲಿ ಅವರು ಆಡಿದ ಅತಿ ಉದ್ದದ ಮಾತು ಅದು. ಆಮೇಲೆ ವಾಯರು ಚುಚ್ಚಿ ಬಟನ್ ಒತ್ತಿದರು. ಡಬ್ಬಿಯ ಮೇಲೆ ಕೆಂಪು ದೀಪ ಹತ್ತಿತು. ತಂತಿ ಮೀಟಿದರು. ಡಬ್ಬಿಯಿಂದ ಏನೂ ಬರಲಿಲ್ಲ. ಗುಂಡಿಗಳನ್ನೆಲ್ಲ ತಿರುಗಿಸಿ ಮತ್ತೆ ಮೀಟಿದರು. ಇಲ್ಲ. ಗಿಟಾರನ್ನು ಮಡಿಲಲ್ಲಿಟ್ಟುಕೊಂಡೇ ಕೂತು, "ಅವಗ ನನ್ನ ಮ್ಯಾಲಿನ ಸಿಟ್ಟ ಇನ್ನೂ ಇಳದಿಲ್ಲ" ಎಂದರು.

ಆ ಸಿಟ್ಟು ಯಾವುದೆಂದು ನಿನಗೂ ಗೊತ್ತಿರಬೇಕು, ನಿನ್ನ ಮುಂದೆ ಅವನು ಏನು ಬಚ್ಚಿಟ್ಟಿದ್ದಾನೆ. ಸಾಯುವುದಕ್ಕೆ ಎರಡು ತಿಂಗಳ ಮುಂಚೆ ಅಪ್ಪ ಮಗನಿಗೆ ಮಾತಾಯಿತು. "ಕರೆಂಟ್ ಇದ್ರ ಹಾಡತೈತಿ, ಕರೆಂಟ್ ಹೋದ್ರ ಮೂಕ. ಇದಕ್ಕೂ ವಾದ್ಯ ಅಂತೀಯಲ್ಲೋ" ಎಂದಿದ್ದರು ಇವರು. ಶುಭಮ್ ತಾಟು ಬಿಟ್ಟು ಎದ್ದು ಹೋದ. ಅಲ್ಲಿಂದ ಮುಂದೆ ಇಬ್ಬರೂ ನನ್ನ ಮುಖಾಂತರವೇ ಮಾತಾಡಿದರು. ಅವ್ವಾ, ಅಪ್ಪಗ ಹೇಳು. ಏ, ನಿನ್ನ ಮಗಗ ಹೇಳು. ಮಧ್ಯೆ ನಾನೊಂದು ಪೋಸ್ಟ್ ಡಬ್ಬಿ.

ಫೆಬ್ರುವರಿ ಹನ್ನೊಂದಕ್ಕೆ ವರ್ಷ ತುಂಬುತ್ತದೆ. ಗಿಟಾರು ನುಡಿಯದ ಹೊರತು ಎಡೆಯ ಮುಂದೆ ಕೂರುವುದಿಲ್ಲ ಎಂದು ಹಟ ಹಿಡಿದಿದ್ದಾರೆ. ಅದು ನುಡಿದರೆ ಇವರೂ ನುಡಿಯುತ್ತಾರೆ ಎಂದು ನನ್ನ ಮನಸ್ಸು ಹೇಳುತ್ತದೆ. ಮಗನನ್ನು ಕಳೆದುಕೊಂಡಾಯಿತು. ಗಂಡನನ್ನೂ ಹೀಗೆ ಕಣ್ಣೆದುರಿಗೇ ಕಳೆದುಕೊಳ್ಳಲು ನಾನು ತಯಾರಿಲ್ಲ. ಅದಕ್ಕೆ ನಿನ್ನಂಥವನಿಗೆ ಕಾಗದ ಬರೆಯುತ್ತಿದ್ದೇನೆ.

ಉತ್ತರದಲ್ಲಿ ತಂತಿಯ ವಿಷಯ ಬಿಟ್ಟು ಬೇರೆ ಒಂದಕ್ಷರ ಬೇಡ. ಮತ್ತು ನನ್ನನ್ನು ಮೊದಲಿನಂತೆ ಕಾಕು ಎಂದು ಕರೆಯಬೇಡ, ನಾನು ನಿನ್ನ ಚಿಕ್ಕಮ್ಮ ಅಲ್ಲ. ಊರವರ ಹಾಗೆ ಅಂಗನವಾಡಿ ಬಾಯಾರು ಎಂದರೆ ಸಾಕು.

ನಾಗರತ್ನಾ
ಅಂಗನವಾಡಿ ಕಾರ್ಯಕರ್ತೆ, ಘೋಡಗೇರಿ


ಹಿಂಡಲಗಾ ಜೈಲು, ಬೆಳಗಾವಿ
21 ಡಿಸೆಂಬರ್ 2023

ಬಾಯಾರಿಗೆ,

ನಿಮ್ಮ ಕಾಗದ ಸಿಕ್ಕಿತು. ಇಲ್ಲಿ ಓದಿ, ಮುದ್ರೆ ಒತ್ತಿ ಕೊಡುತ್ತಾರೆ. ಅದಕ್ಕೆ ತಡವಾಯಿತು.

ಹಿತ್ತಾಳೆ ತಂತಿಗೆ ಆ ಗಿಟಾರು ನುಡಿಯುವುದಿಲ್ಲ. ತಂತಿಗಳ ಕೆಳಗೆ ಕಪ್ಪು ಪಟ್ಟಿಗಳಿವೆಯಲ್ಲ, ಅವುಗಳ ಒಳಗೆ ಇರುವುದು ಅಯಸ್ಕಾಂತ. ಅದಕ್ಕೆ ಕಬ್ಬಿಣದ ಜಾತಿಯದು ನಡುಗಿದರೆ ಮಾತ್ರ ಗೊತ್ತಾಗುತ್ತದೆ. ಹಿತ್ತಾಳೆ ಎಷ್ಟು ನಡುಗಿದರೂ ಅದರ ಪಾಲಿಗೆ ಅಲ್ಲಿ ಏನೂ ಇಲ್ಲ. ಶುಭಮ್ ಹೀಗೇ ಹೇಳಿಕೊಟ್ಟಿದ್ದ. ಕಾಕಾ ಅವರ ಮೇಲೆ ಯಾರಿಗೂ ಸಿಟ್ಟಿಲ್ಲ ಎಂದು ದಯವಿಟ್ಟು ಹೇಳಿ. ಕಾಕಾ ಎಂದು ಬರೆದದ್ದಕ್ಕೆ ತಪ್ಪು ತಿಳಿಯಬೇಡಿ, ಬೇರೆ ಏನೆಂದು ಬರೆಯಬೇಕೋ ತಿಳಿಯಲಿಲ್ಲ.

ಗೋಕಾಕದ ಅಂಗಡಿಯಲ್ಲಿ ಕರೆಂಟಿನ ಗಿಟಾರಿನ ತಂತಿ ಎಂದು ಕೇಳಿದರೆ ಕೊಡುತ್ತಾರೆ. ನಂಬರು ನನಗೆ ನೆನಪಿಲ್ಲ. ಯಾವುದಾದರೂ ನಡೆಯುತ್ತದೆ.

ಲಖನ


ಘೋಡಗೇರಿ
9 ಜನವರಿ 2024

ಲಖನ,

ಅಯಸ್ಕಾಂತದ ಮಾತು ಖರೆ. ಅಂಗನವಾಡಿಯಲ್ಲಿ ಮಕ್ಕಳ ಆಟದ ಡಬ್ಬಿಯಲ್ಲಿ ಒಂದು ಲಾಳದಾಕಾರದ ಅಯಸ್ಕಾಂತ ಇದೆ. ತಂದು ಹಿತ್ತಾಳೆ ತಂತಿಗೆ ಹಿಡಿದೆ, ಕಣ್ಣೆತ್ತಿ ನೋಡಲಿಲ್ಲ. ಪೆಟ್ಟಿಗೆಯ ಉಕ್ಕಿನ ತಂತಿಗೆ ಹಿಡಿದೆ, ಟಕ್ಕನೆ ಅಂಟಿತು. ಇವರನ್ನು ಕುರಿಹಟ್ಟಿಯಿಂದ ಕರೆದು ಕೂರಿಸಿ ಮೂರು ಸಲ ತೋರಿಸಿದೆ. "ಹಂಗಾದ್ರ ಅವ ಸಿಟ್ಟಾಗಿಲ್ಲ?" ಎಂದರು. "ಹಿತ್ತಾಳಿ ಅದಕ್ಕ ಕೇಳಂಗಿಲ್ಲ ಅಷ್ಟ" ಎಂದೆ. ಅವತ್ತು ಎರಡು ರೊಟ್ಟಿ ಜಾಸ್ತಿ ಉಂಡರು, ಪುಂಡಿಪಲ್ಯಕ್ಕೆ ಖಾರ ಕಡಿಮೆ ಆಗಿದೆ ಎಂದರು. ನಾನು ಅಡುಗೆಮನೆಗೆ ಹೋಗಿ ಅತ್ತೆ.

ಅಲ್ಲಿಯವರೆಗೆ ನಿನ್ನ ಉಪಕಾರ. ಮುಂದಿನದು ಕೇಳು.

ಉಕ್ಕಿನ ತಂತಿ ಪೆಟ್ಟಿಗೆಯಲ್ಲೇ ಇದೆಯಲ್ಲ, ಕಟ್ಟೋಣ ಎಂದೆ. ಇವರು ಒಪ್ಪಲಿಲ್ಲ. "ಅಂವ ಹಾಕತಿದ್ದ ತಂತಿನ ಬೇಕು. ಬ್ಯಾರೇ ತಂತಿ ಹಾಕಿದ್ರ ಬ್ಯಾರೇಯವರ ದನಿ ಬರತೈತಿ" ಎಂದರು. ಮೂವತ್ತು ವರ್ಷ ತಂಬೂರಿ ಹಿಡಿದ ಮನುಷ್ಯ, ಅವರಿಗೆ ನಾನೇನು ಹೇಳಲಿ. ಗೋಕಾಕಕ್ಕೆ ಹೋದೆ. ಅಂಗಡಿಯವನು ಒಳ್ಳೆಯವನು, ಕುರ್ಚಿ ಕೊಟ್ಟ. "ಯಾವ ನಂಬರ್ ಬೇಕ್ರಿ ಬಾಯಾರ? ಒಂಬತ್ತು, ಹತ್ತು, ಹನ್ನೊಂದು ಅದಾವು. ಬಾರಿಸವರ ಕೈ ಹೆಂಗೈತಿ ಅನ್ನೂದರ ಮ್ಯಾಲ ಇರತೈತ್ರಿ" ಎಂದ. ನನ್ನ ಮಗನ ಕೈ ಹೆಂಗಿತ್ತು ಎಂದು ನಾನು ಅವನಿಗೆ ಏನು ಹೇಳಬೇಕಿತ್ತು? ಹುಟ್ಟಿದಾಗ ನನ್ನ ಕಿರುಬೆರಳನ್ನು ಹಿಡಿದು ಬಿಡದೆ ಮಲಗಿದ ಕೈ ಎಂದು ಹೇಳಲೇ? ಪಾಕೀಟುಗಳನ್ನು ಮುಂದಿಟ್ಟುಕೊಂಡು ತಾಸು ಹೊತ್ತು ಕೂತು ಬರಿಗೈಯಲ್ಲಿ ಬಂದೆ.

ಈಗ ನೀನು ಹೇಳು. ನಾಲ್ಕು ವರ್ಷ ಅವನ ಜೊತೆ ಒಂದೇ ಸ್ಟೇಜಿನ ಮೇಲೆ ನಿಂತವನು ನೀನು. ಅವನಿಗೆ ಯಾವ ಊರಲ್ಲಿ ಯಾವ ಹೋಟೆಲಿನ ಮಿರ್ಚಿ ಸೇರುತ್ತಿತ್ತು ಎಂದು ನನಗೆ ಬಂದು ಹೇಳುತ್ತಿದ್ದವನು. ತಂತಿಯ ನಂಬರು ಮಾತ್ರ ಮರೆತು ಹೋಯಿತೇ? ನಾನು ದಿನಾ ಮೂವತ್ತು ಮಕ್ಕಳ ಸುಳ್ಳು ಕೇಳುವವಳು. ಯಾರು ಬೆಲ್ಲ ತಿಂದರು ಎಂದು ಬಾಯಿ ನೋಡಿಯೇ ಹೇಳುತ್ತೇನೆ. ನಿನ್ನ ಕಾಗದದ ಕೊನೆಯ ಎರಡು ಸಾಲು ಸುಳ್ಳು.

ಇನ್ನೊಂದು. ಆ ದಿನ ನಿಮ್ಮ ಆರ್ಕೆಸ್ಟ್ರಾ ಬಾರಿಸಬೇಕಾಗಿದ್ದ ಮದುವೆ ಇದ್ದದ್ದು ಯಮಕನಮರಡಿಯಲ್ಲಿ. ನೀವು ಮುಂಜಾನೆಯೇ ಅಲ್ಲಿಗೆ ಮುಟ್ಟಿದ್ದಿರಿ ಎಂದು ಅಲ್ಲಪ್ಪ ಹೇಳಿದ. ಹಾಗಿದ್ದ ಮೇಲೆ ಹನ್ನೆರಡು ಗಂಟೆಗೆ ನೀವಿಬ್ಬರೇ ಗೋಕಾಕದ ಹಾದಿಯಲ್ಲಿ ಯಾಕಿದ್ದಿರಿ? ಪೊಲೀಸರು ಜೋರಿನಿಂದ ಗಾಡಿ ಓಡಿಸಿದ ಎಂದು ಬರೆದರು. ಎಲ್ಲಿಗೆ ಹೋಗಿದ್ದಿರಿ ಎಂದು ಯಾರೂ ಬರೆದಿಲ್ಲ. ತಂತಿ ಇಲ್ಲದ ಗಿಟಾರು ಮಂಟಪದಲ್ಲಿ, ನನ್ನ ಮಗ ರಸ್ತೆಯ ಮೇಲೆ. ಏನು ನಡೆಯಿತು ಎಂದು ಬರೆ. ಎಲ್ಲವನ್ನೂ ಬರೆ. ಇನ್ನು ಯಾವುದೂ ನನ್ನನ್ನು ಇದಕ್ಕಿಂತ ಹೆಚ್ಚು ಸುಡುವುದಿಲ್ಲ.

ನಾಗರತ್ನಾ


ಹಿಂಡಲಗಾ ಜೈಲು, ಬೆಳಗಾವಿ
27 ಜನವರಿ 2024

ಬಾಯಾರಿಗೆ,

ನಂಬರು ಮರೆತಿಲ್ಲ. ಸುಳ್ಳು ಬರೆದೆ. ನಂಬರು ಹೇಳಿದರೆ ಉಳಿದದ್ದನ್ನೂ ಹೇಳಬೇಕಾಗುತ್ತಿತ್ತು, ಅದಕ್ಕೆ.

ಮದುವೆಯ ಹಿಂದಿನ ದಿನ ಶುಭಮ್ ಫೋನ್ ಮಾಡಿ, ತಂತಿ ತುಕ್ಕು ಹಿಡಿದಿವೆ, ಮೂಡಲಗಿಯಿಂದ ಬರುವಾಗ ಗೋಕಾಕದಲ್ಲಿ ಒಂದು ಸೆಟ್ಟು ತಗೊಂಡು ಬಾ ಎಂದ. ಅಂಗಡಿಯಲ್ಲಿ ಎರಡು ಥರ ತೋರಿಸಿದರು. ಒಂದು ಬೆಳ್ಳಗೆ, ಸೈಕಲ್ ಗಾಲಿಯ ಕಡ್ಡಿಯ ಬಣ್ಣ. ಇನ್ನೊಂದು ಹಳದಿ, ಬಂಗಾರದ ಬಣ್ಣ. "ಕರೆಂಟಿನ ಗಿಟಾರಕೋ, ಸಾದಾಕೋ?" ಎಂದು ಅಂಗಡಿಯವನು ಕೇಳಿದ. ಕೇಳಿಯೇ ಕೇಳಿದ, ಅವನದು ತಪ್ಪಿಲ್ಲ. ನಾನು ಡ್ರಮ್ಮಿನ ಪ್ಯಾಡ್ ಬಾರಿಸುವವನು, ತಂತಿಯ ಭೇದ ನನಗೆ ಆಗ ಗೊತ್ತಿರಲಿಲ್ಲ. "ತಂತಿ ಅಂದ್ರ ತಂತಿ, ಅದರಾಗೇನ್ ಐತ್ರಿ. ಆ ಹಳದೀದ ಕೊಡ್ರಿ, ನನ್ನ ದೋಸ್ತ ಸ್ಟೇಜ್ ಮ್ಯಾಲ ಛಲೋ ಕಾಣಬೇಕು" ಎಂದೆ.

ಮರುದಿನ ಮುಂಜಾನೆ ಮಂಟಪದಲ್ಲಿ ಶುಭಮ್ ಮೊದಲು ಹಳೆಯ ತಂತಿಗಳನ್ನೆಲ್ಲ ಕತ್ತರಿಸಿ ತೆಗೆದ. ಆಮೇಲೆ ನಾನು ಪಾಕೀಟು ಕೊಟ್ಟೆ. ಬಿಚ್ಚಿ ನೋಡಿ, ಪಾಕೀಟು ತಿರುಗಿಸಿ ಮೇಲೆ ಬರೆದದ್ದನ್ನು ಓದಿದ. ನಾನು ಎದುರಿಗೆ ಹಲ್ಲು ಕಿಸಿದು ನಿಂತಿದ್ದೆನಲ್ಲ, ನನ್ನ ಮುಖ ನೋಡಿ ಹಾಕಿದ ಅನ್ನಿಸುತ್ತದೆ. ಅವು ಸಾದಾ ಗಿಟಾರಿನವು. ಸಣ್ಣ ಎರಡು ತಂತಿ ಬರೀ ಉಕ್ಕಿನವು, ಅವು ಕಿರುಚಿದವು, ಹಳದಿ ಸುತ್ತಿದ ದಪ್ಪ ನಾಲ್ಕು ತಂತಿಯ ದನಿ ಬಾವಿಗೆ ಬಿದ್ದಂತೆ ಆಳದಲ್ಲೆಲ್ಲೋ ಉಳಿಯಿತು. ಆರನ್ನೂ ಬಿಚ್ಚಿ ಹಾಕಿದ. ಬೈಯುತ್ತಾನೆ ಅಂದುಕೊಂಡೆ. ನಕ್ಕ.

"ಲಖ್ಯಾ, ಬಂಗಾರ ತಂದೀಯಲ್ಲಲೇ. ನನಗ ಕಬ್ಬಿಣ ಬೇಕಾಗಿತ್ತು."

"ಕೊಡ ಇಲ್ಲಿ, ಬದಲಿ ಮಾಡಿಕೊಂಡ ಬರತೇನಿ" ಎಂದೆ.

"ನೀ ಒಬ್ಬಾಂವ ಹೋದ್ರ ಈ ಸಲ ಬೆಳ್ಳೀದು ತರತಿ. ನಾನೂ ಬರತೇನಿ, ನಡಿ" ಎಂದು ಗಾಡಿ ಹತ್ತಿದ. ಅಯಸ್ಕಾಂತದ ವಿಷಯ ಅವನು ಹೇಳಿಕೊಟ್ಟದ್ದು ಆ ದಾರಿಯಲ್ಲೇ.

ಅವನು ಬರಬೇಕಾಗಿರಲಿಲ್ಲ. ನಾನು ಮೊದಲೇ ಬಿಳಿಯದು ತಂದಿದ್ದರೆ ಅವನು ಆ ದಿನ ಮಂಟಪ ಬಿಟ್ಟು ಎಲ್ಲಿಗೂ ಹೋಗುತ್ತಿರಲಿಲ್ಲ. ನಾನು ಇದನ್ನು ದಿನಕ್ಕೆ ಎಷ್ಟು ಸಲ ಅಂದುಕೊಳ್ಳುತ್ತೇನೆ ಎಂದು ಬರೆಯುವುದಿಲ್ಲ.

ಅಂಗಡಿಯವನು ಹತ್ತರ ಸೆಟ್ಟು ತೆಗೆದಿಟ್ಟ. ಶುಭಮ್ ಯಾವಾಗಲೂ ಹಾಕುತ್ತಿದ್ದದ್ದು ಅದೇ, ದಪ್ಪ ಇರುತ್ತದೆ, ಬೇಗ ಹರಿಯುವುದಿಲ್ಲ. ಆ ದಿನ ಬೇಡ ಎಂದ. "ಒಂಬತ್ತರದ ಕೊಡ್ರಿ" ಎಂದ. ಒಂಬತ್ತರದು ತೆಳುವು. ಬೆರಳಿನಿಂದ ಬಾಜೂಕ್ಕೆ ಎಳೆದರೆ ದನಿಯೂ ಅದರ ಜೊತೆಗೆ ಮೇಲೇರುತ್ತದೆ. ಮೊದಲ ತಂತಿಯನ್ನು ಹೆಬ್ಬೆಟ್ಟಿನಲ್ಲಿ ಸವರಿ, ಬೆಳಕಿಗೆ ಹಿಡಿದು, ಅರ್ಧ ತಾಸು ನೋಡಿದ. ಇದ್ಯಾಕಲೇ ಇವತ್ತು ಬದಲಿ ಎಂದು ಕೇಳಿದೆ. ಅವನು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ.

"ನಮ್ಮಪ್ಪ ಭಜನಿಯೊಳಗ ಪದದ ಕಡೀ ಅಕ್ಷರ ಎಳೀತಾನಲ್ಲ, ಮ್ಯಾಲ ಹೋಗಿ ಅಳಾಕತ್ತಂಗ ಆಗಿ ಕೆಳಗ ಬರತೈತಿ. ಎರಡ ತಿಂಗಳಾತು ಅದನ್ನ ಹಿಡ್ಯಾಕತ್ತೇನಿ. ಹತ್ತರಾಗ ಬರವಲ್ದು, ಬೆರಳ ಹರದಾವು. ಒಂಬತ್ತರಾಗ ಬರಬಹುದು. ಬಂತಂದ್ರ ಮನ್ಯಾಗ ಕುಂತು ಬಾರಸ್ತೇನಿ, ಆಗ ಏನಂತಾನ ನೋಡೂಣು."

ಪಾಕೀಟನ್ನು ಅಂಗಿಯ ಎಡಗಿಸೆಯಲ್ಲಿಟ್ಟು ಗುಂಡಿ ಹಾಕಿಕೊಂಡ. ಅಕ್ಷತೆ ಹನ್ನೆರಡೂವರೆಗೆ ಇತ್ತು, ಹೊತ್ತಾಗಿತ್ತು. "ಸಾವಕಾಶ ಹೋಗಲೇ" ಎಂದು ಅವನು ಎರಡು ಸಲ ಹೇಳಿದ. ಎರಡು ಸಲವೂ ನಾನು ಕೇಳಲಿಲ್ಲ.

ನೀವು ತಂತಿ ಯಾವುದೆಂದು ಕೇಳಿದ ದಿನವೇ ನನಗೆ ತಿಳಿಯಿತು, ಪೊಲೀಸರು ಕೊಟ್ಟ ಅವನ ಬಟ್ಟೆಯ ಚೀಲವನ್ನು ನೀವು ಇನ್ನೂ ತೆರೆದಿಲ್ಲ ಎಂದು. ಆ ಅಂಗಿ ಅದರಲ್ಲಿದ್ದರೆ ಪಾಕೀಟೂ ಅದರಲ್ಲೇ ಇದೆ. ಅವನೇ ಆರಿಸಿದ ತಂತಿ ನಿಮ್ಮ ಮನೆಯಲ್ಲೇ ಇದೆ, ಬಾಯಾರ.

ಲಖನ


ಹಿಂಡಲಗಾ ಜೈಲು, ಬೆಳಗಾವಿ
30 ಮಾರ್ಚ್ 2024

ಬಾಯಾರಿಗೆ,

ನಿಮ್ಮಿಂದ ಕಾಗದ ಬರಲಿಲ್ಲ. ಬರುವುದಿಲ್ಲ ಎಂದು ಗೊತ್ತಿದ್ದೂ ಎರಡು ತಿಂಗಳು ಕಾದೆ. ಫೆಬ್ರುವರಿ ಹನ್ನೊಂದರಂದು ನಾನು ಇಲ್ಲಿ ಉಪವಾಸ ಇದ್ದೆ. ನಿಮಗೆ ಹೇಳಬೇಕೆಂದಲ್ಲ, ಬೇರೆ ಯಾರಿಗೂ ಹೇಳಿಲ್ಲ, ಅದಕ್ಕೆ.

ಹೋದ ವಾರ ನಮ್ಮವ್ವ ಉದ್ದವ್ವ ನನ್ನನ್ನು ನೋಡಲು ಬಂದಿದ್ದಳು. ಹುಕ್ಕೇರಿಯ ಬಸ್‌ಸ್ಟ್ಯಾಂಡಿನಲ್ಲಿ ನಿಮ್ಮನ್ನು ಕಂಡಳಂತೆ. ನೀವು ಅಂಗನವಾಡಿಯ ಮೀಟಿಂಗಿಗೆ ಬಂದಿದ್ದಿರಂತೆ. ಕೈ ಮುಗಿದದ್ದಕ್ಕೆ ನೀವು ಮುಖ ತಿರುಗಿಸಿದಿರಂತೆ. "ಅವರ ಜಾಗಾದಾಗ ನಾ ಇದ್ದಿದ್ರ ಉಗಳತಿದ್ದೆ" ಎಂದಳು ನಮ್ಮವ್ವ. ಅವಳಿಗೆ ಬೇಸರವಿಲ್ಲ.

ಇನ್ನು ನಾನು ಬರೆಯುವುದಿಲ್ಲ.

ಲಖನ


ಘೋಡಗೇರಿ
18 ಆಗಸ್ಟ್ 2024

ಲಖನ,

ಏಳು ತಿಂಗಳು ನಿನಗೆ ಬರೆಯಲಿಲ್ಲ. ಬರೆಯಬಾರದೆಂದೇ ಇದ್ದೆ.

ನಿನ್ನ ಜನವರಿಯ ಕಾಗದ ಓದಿ ನನಗೆ ನಿನ್ನ ಮೇಲೆ ಹೊಸದಾಗಿ ಸಿಟ್ಟು ಬಂತು. ಅಲ್ಲಿಯವರೆಗೆ ನೀನು ಗಾಡಿ ಜೋರು ಓಡಿಸಿದೆ ಎಂಬ ಒಂದೇ ಸಿಟ್ಟಿತ್ತು. ಬಣ್ಣ ನೋಡಿ ತಂತಿ ತಂದೆಯಲ್ಲೋ. ಛಲೋ ಕಾಣಲಿ ಎಂದು. ಬಳೆ ಕೊಳ್ಳುವ ಹುಡುಗಿ ಸಹ ಅಳತೆ ಹೇಳಿ ಕೊಳ್ಳುತ್ತಾಳೆ. ಅಂಗಡಿಯವನು ಬಾಯಿ ಬಿಟ್ಟು ಕೇಳಿದಾಗ ಒಂದು ಮಾತು ಸರಿಯಾಗಿ ಹೇಳಿದ್ದರೆ ನನ್ನ ಮಗ ಇವತ್ತು ನನ್ನ ಮುಂದೆ ಕೂತು ಮೊಸರನ್ನ ಉಣ್ಣುತ್ತಿದ್ದ. ಕಾಗದವನ್ನು ಒಲೆಗೆ ಹಾಕಲು ಹೋದೆ. ಅವನ ಮಾತು ಅದರಲ್ಲಿ ಇತ್ತಲ್ಲ, ಹಾಕಲು ಆಗಲಿಲ್ಲ. ಹಿಟ್ಟಿನ ಡಬ್ಬಿಯಲ್ಲಿ ಮಡಿಚಿಟ್ಟೆ.

ಚೀಲ ತೆರೆಯಲಿಲ್ಲ. ಟ್ರಂಕಿನ ತಳದಲ್ಲಿ, ಕಂಬಳಿಯ ಕೆಳಗೆ ಇದೆ ಎಂದು ಗೊತ್ತು. ನಾನು ಅಂಗನವಾಡಿಗೆ ಹೋಗುವಾಗ ಆ ಕೋಣೆಯ ಬಾಗಿಲು ಸಹ ನೋಡದೆ ಹೋಗುತ್ತಿದ್ದೆ. ಇವರಿಗೂ ಏನೂ ಹೇಳಲಿಲ್ಲ. ವರ್ಷದ ದಿನ ಇವರು ಅಂದ ಹಾಗೆಯೇ ಎಡೆಯ ಮುಂದೆ ಕೂರಲಿಲ್ಲ. ಅಂಬಲಿ, ಹೋಳಿಗೆ, ಅವನಿಗೆ ಸೇರುತ್ತಿದ್ದ ಮಿರ್ಚಿ ಎಲ್ಲ ಇಟ್ಟು ನಾನೊಬ್ಬಳೇ ನೀರು ಬಿಟ್ಟೆ. ಬಂದವರು ಇವರೆಲ್ಲಿ ಎಂದು ಕೇಳಿದರು. ಕುರಿ ತಪ್ಪಿಸಿಕೊಂಡಿದೆ ಎಂದು ಸುಳ್ಳು ಹೇಳಿದೆ. ನಿನ್ನ ಸುಳ್ಳಿಗೆ ಅಷ್ಟು ಬೈದವಳು ನಾನು.

ಆಮೇಲೆ ಇವರು ಮತ್ತೆ ಮೂಕರಾದರು. ಮೊದಲಿಗಿಂತ ಹೆಚ್ಚು. ಆಷಾಢದಲ್ಲಿ ತಂಬೂರಿಯನ್ನು ಭಜನೆಯವರಿಗೆ ಕೊಟ್ಟುಬಿಡುತ್ತೇನೆ ಎಂದು ಬಟ್ಟೆ ಸುತ್ತಿ ಕಟ್ಟಿದರು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ನಾನು ಯಾರ ಮೇಲಿನ ಸಿಟ್ಟಿಗೆ ಯಾರನ್ನು ಕೊಲ್ಲುತ್ತಿದ್ದೇನೆ ಎನ್ನಿಸಿತು. ಹಿಟ್ಟಿನ ಡಬ್ಬಿಯಿಂದ ಕಾಗದ ತೆಗೆದು ಕುರಿಹಟ್ಟಿಗೆ ಹೋಗಿ, ಇವರನ್ನು ಕಲ್ಲಿನ ಮೇಲೆ ಕೂರಿಸಿ ಮೊದಲಿಂದ ಕೊನೆಯವರೆಗೆ ಓದಿದೆ. ಬಂಗಾರದ ತಂತಿಯ ಜಾಗ ಬಂದಾಗ ಇವರು, "ಪಾಪ" ಎಂದರು. ಯಾರಿಗೆ ಅಂದರೋ ನಾನು ಕೇಳಲಿಲ್ಲ. ಆಮೇಲೆ ಲಕ್ಷ್ಯಕ್ಕೆ ಬಂತು, ಇವರೂ ಹಳದಿಯದನ್ನೇ ತಂದು ಕಟ್ಟಿದವರಲ್ಲವೇ. ನೀನು ಅವನು ಚೆಂದ ಕಾಣಲಿ ಎಂದು, ಇವರು ಮೈಲಿಗೆ ಆಗದಿರಲಿ ಎಂದು. ಅವನಿಗೆ ಬೇಕಾಗಿದ್ದದ್ದು ಕಬ್ಬಿಣ ಎಂದು ನಿಮಗಿಬ್ಬರಿಗೂ ತಿಳಿಯಲಿಲ್ಲ.

"ನಮ್ಮಪ್ಪ ಕಡೀ ಅಕ್ಷರ ಎಳೀತಾನಲ್ಲ" ಎಂಬ ಸಾಲಿಗೆ ಬಂದಾಗ ಇವರು ನನ್ನ ಕೈ ಹಿಡಿದರು. "ಇನ್ನೊಮ್ಮೆ ಓದ" ಎಂದರು. ಓದಿದೆ. "ಇನ್ನೊಮ್ಮೆ" ಎಂದರು. ಹೀಗೆ ನಾಲ್ಕು ಸಲ ಓದಿಸಿದರು. ಆಮೇಲೆ ಎದ್ದು ಮನೆಗೆ ಹೋಗಿ ಟ್ರಂಕಿನಿಂದ ಚೀಲ ತೆಗೆದರು. ನಾನು ಹೊಸ್ತಿಲ ಮೇಲೇ ನಿಂತೆ. ಅಂಗಿಯನ್ನು ದವಾಖಾನೆಯಲ್ಲಿ ಕತ್ತರಿಸಿದ್ದರು. ಎಡಗಿಸೆಯ ಗುಂಡಿ ಹಾಕಿದ್ದು ಹಾಕಿದ ಹಾಗೇ ಇತ್ತು, ಲಖನ. ಒಂದು ದಾರವೂ ಸಡಿಲಾಗಿರಲಿಲ್ಲ. ಆ ಗುಂಡಿಯನ್ನು ನಾನೇ ಹೊಲಿದಿದ್ದೆ.

ಪಾಕೀಟಿನ ಒಂದು ಮೂಲೆ ಕಂದಾಗಿತ್ತು. ಒಳಗೆ ತಂತಿ ಹೊಸದರಂತೆ ಹೊಳೆಯುತ್ತಿದ್ದವು. "ಕಬ್ಬಿಣ" ಎಂದೆ ನಾನು, ಇವರು ಎಲ್ಲಿ ಹಿಂಜರಿಯುತ್ತಾರೋ ಎಂದು. "ಇರಲಿ. ಅವಗ ಬೇಕಾದದ್ದ ಇರಲಿ" ಎಂದರು. ಹಿತ್ತಾಳೆ ಬಿಚ್ಚಿ, ಒಂದೊಂದಾಗಿ ಆರನ್ನೂ ಕಟ್ಟಿದರು. ಕಟ್ಟುವುದಕ್ಕೆ ಮಧ್ಯಾಹ್ನವೆಲ್ಲ ಹಿಡಿಯಿತು. ತಂಬೂರಿ ಬಿಗಿಯುವ ಕೈ, ಒಂಬತ್ತರ ತಂತಿಗೆ ಹೆದರಿ ಹೆದರಿ ಬಿಗಿದರು. ನಾನು ವಾಯರು ಚುಚ್ಚಿದೆ.

ಡಬ್ಬಿ ನುಡಿಯಿತು.

ಅದರ ದನಿ ಎಷ್ಟು ದೊಡ್ಡದಿರುತ್ತದೆ ಎಂದು ನಮಗೆ ಮರೆತೇ ಹೋಗಿತ್ತು. ಹಟ್ಟಿಯ ಕುರಿಗಳೆಲ್ಲ ಒಮ್ಮೆಗೇ ಎದ್ದು ನಿಂತವು. ಪಕ್ಕದ ಮನೆಯ ಕೆಂಚವ್ವ ಓಡಿ ಬಂದವಳು ನಮ್ಮನ್ನು ನೋಡಿ ಕಟ್ಟೆಯ ಮೇಲೆ ಕೂತಳು. ಇವರು ತಮ್ಮ ಶ್ರುತಿಗೆ ಹೊಂದಿಸಿಕೊಂಡು ತಂಬೂರಿಯಂತೆ ಮೀಟುತ್ತ ಒಂದು ಪದ ಎತ್ತಿಕೊಂಡರು. ಹದಿನೇಳು ತಿಂಗಳ ಮೇಲೆ ಹಾಡಿದ್ದು, ಗಂಟಲು ಒಡೆದಿತ್ತು. ಕೊನೆಯ ಅಕ್ಷರಕ್ಕೆ ಬಂದಾಗ ಹಾಡುವುದನ್ನು ಬಿಟ್ಟು ಆ ತೆಳುವಾದ ಮೊದಲ ತಂತಿಯ ಮೇಲೆ ಬೆರಳಿಟ್ಟು ಬಾಜೂಕ್ಕೆ ಎಳೆದರು. ದನಿ ಏರಿತು. ನಾನು ಇಪ್ಪತ್ತೇಳು ವರ್ಷ ಈ ಮನುಷ್ಯನ ಹಾಡು ಕೇಳಿದವಳು, ಖರೆ ಹೇಳುತ್ತೇನೆ, ಡಬ್ಬಿಯಿಂದ ಬಂದದ್ದು ಇವರದೇ ದನಿ. ಅಳುತ್ತಿರುವ ಹಾಗೆ ಮೇಲೆ ಹೋಯಿತು. ಅದನ್ನು ಕೆಳಗೆ ತರಲು ಇವರಿಗೆ ಮನಸ್ಸಾಗಲಿಲ್ಲವೋ ಏನೋ, ಇನ್ನೂ ಎಳೆದರು. ತಂತಿ ಹರಿಯಿತು.

ಹರಿದ ತುಂಡನ್ನು ಬೆರಳಿಗೆ ಸುತ್ತಿಕೊಂಡು ಕೂತರು. "ಸಿಗತಿತ್ತು ನೋಡ ಅವಗ. ಇನ್ನ ನಾಕ ದಿನಕ್ಕ ಸಿಗತಿತ್ತು" ಎಂದರು. ಆಮೇಲೆ ಅತ್ತರು. ಮಣ್ಣು ಮಾಡಿದ ದಿನ ಸಹ ಅಳದ ಮನುಷ್ಯ, ಕೆಂಚವ್ವನ ಮುಂದೆ, ನನ್ನ ಮುಂದೆ, ಬಾಯಿ ತೆರೆದು ಅತ್ತರು. ನಾನು ಹೋಗಿ ಬಾಜೂಕ್ಕೆ ಕೂತೆ. ಸಂಜೆಯವರೆಗೆ ಮಾತಾಡಿದೆವು. ಅವನು ಸಣ್ಣವನಿದ್ದಾಗ ತಂಬೂರಿಯೊಳಗೆ ಗೋಲಿ ಹಾಕಿದ್ದು, ಅದನ್ನು ತೆಗೆಯಲು ಇವರು ತಂಬೂರಿಯನ್ನು ಬುಡಮೇಲು ಮಾಡಿ ಅಲ್ಲಾಡಿಸಿದ್ದು, ಎಲ್ಲ.

ದೀಪ ಹಚ್ಚುವ ಹೊತ್ತಿಗೆ ಇವರು ಕೇಳಿದರು, "ಲಖನನ್ನ ಯಾವಾಗ ಬಿಡತಾರು?"

ನನಗೆ ಗೊತ್ತಿರಲಿಲ್ಲ. ಮೊನ್ನೆ ಹುಕ್ಕೇರಿಯಲ್ಲಿ ಉದ್ದವ್ವ ಸಿಕ್ಕಿದ್ದಳು. ಈ ಸಲ ನಾನೇ ಹೋಗಿ ಮಾತಾಡಿಸಿದೆ. ಇಬ್ಬರೂ ಕ್ಯಾಂಟೀನಿನಲ್ಲಿ ಚಹಾ ಕುಡಿದೆವು. ಬಿಸ್ಕೀಟು ಒದ್ದೆಯಾಗಿ ಕಪ್ಪಿನೊಳಗೆ ಬಿದ್ದಿದ್ದನ್ನು ಇಬ್ಬರೂ ನೋಡುತ್ತ ಕೂತೆವು. ದಸರೆಯ ಒಳಗೆ ಬಿಡುತ್ತಾರೆ ಎಂದಳು.

ನಿನ್ನನ್ನು ನಾನು ಕ್ಷಮಿಸಿಲ್ಲ. ಕ್ಷಮಿಸುತ್ತೇನೆ ಎಂದೂ ಹೇಳುವುದಿಲ್ಲ, ಆ ಶಬ್ದ ನನ್ನ ಬಾಯಿಗೆ ಬರುವುದಿಲ್ಲ. ಆದರೆ ಗಿಟಾರಿನಲ್ಲಿ ಈಗ ಐದೇ ತಂತಿ ಇವೆ. ಮೊದಲನೆಯದು ಬೇಕು. ಬಿಡಿಯಾಗಿಯೂ ಕೊಡುತ್ತಾರಂತೆ. ಗೋಕಾಕದ ಅಂಗಡಿ ನನಗೂ ಗೊತ್ತು, ಎದ್ದು ಹೋದರೆ ಅರ್ಧ ದಿನದಲ್ಲಿ ತರಬಲ್ಲೆ. ತರುವುದಿಲ್ಲ. ನೀನೇ ತರಬೇಕು.

ಒಂಬತ್ತರದು. ಬಣ್ಣ ನೋಡಬೇಡ, ಅಂಗಡಿಯವನು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಹೇಳು. ಅಂಗಡಿ ಬಿಡುವ ಮುಂಚೆ ಇನ್ನೊಮ್ಮೆ ನೋಡಿಕೊ. ಕಿಸೆಯಲ್ಲಿಟ್ಟು ಗುಂಡಿ ಹಾಕಿಕೊ. ನಿನ್ನ ಕಾಕಾ ದಾರಿ ನೋಡುತ್ತಿರುತ್ತಾರೆ. ಹೊತ್ತಾದರೂ ಅಡ್ಡಿಯಿಲ್ಲ, ಯಾರ ಗಾಡಿಯನ್ನೂ ಕೇಳಬೇಡ.

ಬಸ್ಸಿಗೆ ಬಾ.

ಇಂತಿ,
ಕಾಕು